ಕ್ರೆಡಿಟ್ ಕಾರ್ಡ್ ಪಾಯಿಂಟ್‌ನಲ್ಲಿ ಪ್ರಯಾಣ: ಕಾರವಾರ, ಶಿರಸಿಯ ಮನೆ ಬಾಗಿಲಿನಿಂದ ಲೆಕ್ಕ

ನಿಮ್ಮ ಕಾರ್ಡಿನ ಒಂದು ಪಾಯಿಂಟ್ ಎಂದರೆ ಎಷ್ಟು ಪೈಸೆ? ಇದು ಗೊತ್ತಿಲ್ಲದೆ ಪಾಯಿಂಟ್ ಕೂಡಿಸುವವರೇ ಹೆಚ್ಚು. ಒಂದೇ ಕಾರ್ಡಿನ ಒಂದೇ ಪಾಯಿಂಟ್‌ಗೆ ಬೇರೆ ಬೇರೆ ಕಡೆ ಬೇರೆ ಬೇರೆ ಬೆಲೆ. ಮಧ್ಯಮ ದರ್ಜೆಯ ಕಾರ್ಡ್‌ಗಳಲ್ಲಿ ಬಿಲ್ಲಿಗೆ ಜಮಾ ಮಾಡಿಸಿಕೊಂಡರೆ ಸಾಮಾನ್ಯವಾಗಿ 20ರಿಂದ 25 ಪೈಸೆ. ಅದೇ ಬ್ಯಾಂಕಿನ ಪ್ರವಾಸ ಪೋರ್ಟಲ್‌ನಲ್ಲಿ ವಿಮಾನ ಟಿಕೆಟ್ ಅಥವಾ ಹೋಟೆಲಿಗೆ ಬಳಸಿದರೆ ಕೆಲವು ಕಾರ್ಡ್‌ಗಳಲ್ಲಿ 50 ಪೈಸೆ, ಮೇಲ್ದರ್ಜೆಯ ಕೆಲವದರಲ್ಲಿ ಪೂರ್ತಿ 1 ರೂಪಾಯಿ. ಮಿಕ್ಸರ್, ಬ್ಯಾಗು ಇರುವ ಕ್ಯಾಟಲಾಗ್ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ, ಹೆಚ್ಚಿನ ಸಲ ಕೆಳಗಿನ ತುದಿಗೇ ಹತ್ತಿರ.

ಉತ್ತರ ಕನ್ನಡದವರಿಗೆ ಇದರ ಮೇಲೆ ಇನ್ನೊಂದು ಲೆಕ್ಕವಿದೆ. ಜಿಲ್ಲೆಯಿಂದ ನಾವು ಟಿಕೆಟ್ ತೆಗೆದು ಹಾರುವಂಥ ವಿಮಾನ ನಿಲ್ದಾಣವಿಲ್ಲ. ಕಾರವಾರ, ಅಂಕೋಲಾದವರು ಗೋವಾಕ್ಕೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಭಟ್ಕಳದವರು ಮಂಗಳೂರಿಗೆ ಹೋಗಿಯೇ ಹತ್ತಬೇಕು. ಹಾಗಾಗಿ ಟಿಕೆಟ್ಟಿನಲ್ಲಿ ಉಳಿದದ್ದನ್ನು ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಮನೆಯಿಂದ ಹೊರಟು ತಲುಪುವ ಜಾಗದವರೆಗಿನ ಪೂರ್ತಿ ಖರ್ಚು ಎಷ್ಟು ಇಳಿಯಿತು ಎಂಬುದೇ ಪಾಯಿಂಟ್‌ನ ನಿಜವಾದ ಬೆಲೆ.

ಮೊದಲು ಬಾಕಿ, ಆಮೇಲೆ ಪಾಯಿಂಟ್

ಪ್ರತಿ ತಿಂಗಳೂ ಬಿಲ್ಲಿನ ಪೂರ್ತಿ ಮೊತ್ತ ಕಟ್ಟುವವರಿಗೆ ಮಾತ್ರ ಈ ಲೇಖನ ಉಪಯೋಗಕ್ಕೆ ಬರುತ್ತದೆ. 40,000 ರೂ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ. 3.5ರಂತೆ ಬಡ್ಡಿಯೇ 1,400 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,652 ರೂ. ಅದೇ 40,000 ಖರ್ಚಿಗೆ, 150 ರೂಪಾಯಿಗೆ 4 ಪಾಯಿಂಟ್ ಕೊಡುವ ಕಾರ್ಡಿನಲ್ಲಿ ಸಿಗುವುದು ಹೆಚ್ಚೆಂದರೆ 1,064 ಪಾಯಿಂಟ್. 50 ಪೈಸೆಯ ಲೆಕ್ಕದಲ್ಲಿ 532 ರೂ. ಒಂದು ತಿಂಗಳ ಬಡ್ಡಿಯೇ ಮೂರು ಪಟ್ಟು. ಸಾಲದ್ದಕ್ಕೆ, ಬಾಕಿ ಇರುವಷ್ಟು ದಿನ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇರುವುದಿಲ್ಲ. ಕಾರ್ಡ್ ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಬ್ಯಾಂಕ್ ಖಾತೆಯಿಂದ ಆಟೋ ಪೇ ಹಾಕುವಾಗ ‘ಕನಿಷ್ಠ ಮೊತ್ತ’ ಬಿಟ್ಟು ‘ಪೂರ್ತಿ ಮೊತ್ತ’ ಆರಿಸಿದ್ದೀರಾ ಎಂದು ಎರಡು ಸಲ ನೋಡಿ. ಅಡಿಕೆ ಮಾರಿದಾಗ ಒಟ್ಟಿಗೆ ದುಡ್ಡು ಕಾಣುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಬಿಲ್ ಪ್ರತಿ ತಿಂಗಳೂ ಬರುತ್ತದೆ, ಅಡಿಕೆ ದುಡ್ಡು ಹಾಗೆ ಬರುವುದಿಲ್ಲ. ಬಿಲ್ಲಿನ ತಾರೀಕು ನಿಮಗೆ ಹೊಂದದಿದ್ದರೆ ಬದಲಿಸಿಕೊಡಲು ಬ್ಯಾಂಕನ್ನು ಕೇಳಬಹುದು. ಆ ಅವಕಾಶವನ್ನು ರಿಸರ್ವ್ ಬ್ಯಾಂಕಿನ ನಿಯಮವೇ ಕೊಟ್ಟಿದೆ.

ವಾರ್ಷಿಕ ಶುಲ್ಕ ಯಾವಾಗ ವಸೂಲಾಗುತ್ತದೆ

2,500 ರೂ. ಶುಲ್ಕದ ಕಾರ್ಡು ಎಂದರೆ ಜಿಎಸ್‌ಟಿ ಸೇರಿ 2,950 ರೂ. 150 ರೂಪಾಯಿಗೆ 4 ಪಾಯಿಂಟ್, ಪಾಯಿಂಟಿಗೆ 50 ಪೈಸೆ ಎಂದಾದರೆ ಆ ಶುಲ್ಕ ವಸೂಲಾಗಲು 5,900 ಪಾಯಿಂಟ್ ಬೇಕು, ಅಂದರೆ ವರ್ಷಕ್ಕೆ 2,21,250 ರೂ. ಖರ್ಚು. ನೀವು ಪಾಯಿಂಟ್‌ಗಳನ್ನು 20 ಪೈಸೆಗೆ ಬಿಲ್ಲಿನಲ್ಲೇ ಕಳೆಯುವವರಾದರೆ ಅದೇ ಶುಲ್ಕಕ್ಕೆ 5,53,125 ರೂ. ಖರ್ಚಾಗಬೇಕು. ವರ್ಷಕ್ಕೊಮ್ಮೆಯೂ ವಿಮಾನ ಹತ್ತದ ಮನೆಗೆ ಇಂಥ ಕಾರ್ಡು ಬೇಡ. ಶುಲ್ಕವಿಲ್ಲದ ಕ್ಯಾಶ್‌ಬ್ಯಾಕ್ ಕಾರ್ಡೇ ಒಳ್ಳೆಯದು. ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂಬ ಷರತ್ತಿದ್ದರೆ, ಯಾವ ಖರ್ಚು ಆ ಗುರಿಗೆ ಲೆಕ್ಕಕ್ಕಿಲ್ಲ ಎಂಬ ಪಟ್ಟಿಯನ್ನೂ ಓದಿ.

ಪಾಯಿಂಟ್ ಬರದ ಜಾಗಗಳು

ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಣ ತುಂಬುವುದು, ಇಎಂಐ, ಸರ್ಕಾರಿ ಪಾವತಿ: ಇವಕ್ಕೆ ಬಹುಪಾಲು ಕಾರ್ಡ್‌ಗಳಲ್ಲಿ ಪಾಯಿಂಟ್ ಇಲ್ಲ. ಹೆಸ್ಕಾಂ ಬಿಲ್, ವಿಮೆ ಕಂತಿಗೆ ಕೆಲವು ಬ್ಯಾಂಕ್‌ಗಳು ತಿಂಗಳ ಮಿತಿ ಹಾಕಿವೆ, ಕೆಲವು ಕೊಡುವುದೇ ಇಲ್ಲ, ಮಿತಿ ದಾಟಿದರೆ ಶೇ. 1 ಶುಲ್ಕ ಹಾಕುವ ಬ್ಯಾಂಕ್‌ಗಳೂ ಇವೆ.

ಪ್ರತಿ ಅಂಗಡಿಗೂ ಅದರ ಯಂತ್ರ ಕೊಟ್ಟ ಬ್ಯಾಂಕು ನಾಲ್ಕು ಅಂಕಿಯ ವರ್ಗ ಸಂಖ್ಯೆ ಕೊಟ್ಟಿರುತ್ತದೆ. ದಿನಸಿ ಸೂಪರ್ ಮಾರ್ಕೆಟ್‌ಗೆ 5411, ಪೆಟ್ರೋಲ್ ಬಂಕ್‌ಗೆ 5541, ಹೋಟೆಲ್ ಊಟಕ್ಕೆ 5812. ಪಾಯಿಂಟ್ ಬರುವುದು ಬಿಡುವುದು ನಿರ್ಧಾರವಾಗುವುದು ಇದರ ಮೇಲೆ, ನೀವು ಕೊಂಡ ಸಾಮಾನಿನ ಮೇಲೆ ಅಲ್ಲ. ಬಂಕ್ ಪಕ್ಕದ ತಿಂಡಿ ಅಂಗಡಿ ಬಂಕಿನ ಯಂತ್ರದಲ್ಲೇ ಬಿಲ್ ಮಾಡಿದರೆ ನಿಮ್ಮ ಇಡ್ಲಿಯೂ ಇಂಧನದ ಲೆಕ್ಕಕ್ಕೆ ಹೋಗುತ್ತದೆ.

ಸಣ್ಣ ಮೊತ್ತದಲ್ಲೂ ಸೋರಿಕೆಯಿದೆ. 150 ರೂಪಾಯಿಯ ಹಂತವಿದ್ದರೆ 140ರ ಬಿಲ್ಲಿಗೆ ಸೊನ್ನೆ, 290ರ ಬಿಲ್ಲಿಗೂ 4 ಪಾಯಿಂಟೇ. ದಿನಸಿಯನ್ನು ನಾಲ್ಕು ಸಲ ಸ್ವಲ್ಪ ಸ್ವಲ್ಪ ತರುವ ಬದಲು ಒಟ್ಟಿಗೆ ತಂದರೆ ಲಾಭ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡು ಕ್ಯೂಆರ್‌ಗೆ ಪಾವತಿಸಬಹುದು, ಆದರೆ ಅದು ವ್ಯಾಪಾರಿಯ ಖಾತೆಯ ಕ್ಯೂಆರ್ ಆಗಿರಬೇಕು. ಮೀನು ಪೇಟೆಯಲ್ಲಿ ಬುಟ್ಟಿಯ ಮುಂದೆ ಇಟ್ಟಿರುವುದು ವೈಯಕ್ತಿಕ ಖಾತೆಯ ಕ್ಯೂಆರ್ ಆದರೆ ಪಾವತಿ ತಿರಸ್ಕಾರವಾಗುತ್ತದೆ. ಅಲ್ಲಿ ನಗದು ಅಥವಾ ಉಳಿತಾಯ ಖಾತೆಯ ಯುಪಿಐಯೇ ಸರಿ.

ಇನ್ನೊಂದು: ‘ಕಾರ್ಡ್ ಆದರೆ ಶೇ. 2 ಜಾಸ್ತಿ’ ಎನ್ನುವ ಅಂಗಡಿಯಲ್ಲಿ ಕಾರ್ಡ್ ತೆಗೆಯಬೇಡಿ. ಮೇಲಿನ ಉದಾಹರಣೆಯ ಕಾರ್ಡ್ 50 ಪೈಸೆಯ ಲೆಕ್ಕದಲ್ಲಿ ವಾಪಸ್ ಕೊಡುವುದೇ ಶೇ. 1.33.

ಬಳಸುವಾಗ ಮಾಡುವ ಲೆಕ್ಕ

ಸೂತ್ರ ಒಂದೇ. ಟಿಕೆಟ್ಟಿನ ನಗದು ದರದಿಂದ, ಪಾಯಿಂಟ್ ಕೊಟ್ಟ ಮೇಲೂ ಕೈಯಿಂದ ಕಟ್ಟಬೇಕಾದ ತೆರಿಗೆ ಮತ್ತು ಶುಲ್ಕ ಕಳೆಯಿರಿ. ಉಳಿದದ್ದನ್ನು ಪಾಯಿಂಟ್ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿ. ಬಂದದ್ದು ಒಂದು ಪಾಯಿಂಟ್‌ಗೆ ಸಿಕ್ಕ ಪೈಸೆ. ನಗದು ದರ ಎಂದರೆ ಪೋರ್ಟಲ್ ತೋರಿಸುವ ದರವಲ್ಲ. ವಿಮಾನ ಕಂಪನಿಯ ಸ್ವಂತ ಜಾಲತಾಣದಲ್ಲಿ ಅದೇ ವಿಮಾನಕ್ಕೆ ಇರುವ ದರ. ಪೋರ್ಟಲ್‌ನಲ್ಲಿ 300–400 ರೂ. ಹೆಚ್ಚಿದ್ದರೆ ‘ಇಲ್ಲಿ ಬುಕ್ ಮಾಡಿದರೆ ಐದು ಪಟ್ಟು ಪಾಯಿಂಟ್’ ಎಂಬ ಆಮಿಷದ ಬಹುಪಾಲು ಅಲ್ಲೇ ಕರಗಿರುತ್ತದೆ.

ಬ್ಯಾಂಕಿನ ಪಾಯಿಂಟನ್ನು ವಿಮಾನ ಕಂಪನಿಗೆ ವರ್ಗಾಯಿಸಿ ಅದರ ಸ್ವಂತ ಪಾಯಿಂಟ್ ಮಾಡಿಕೊಳ್ಳುವುದು ಯಾವಾಗಲೂ ಲಾಭ ಎಂಬ ಮಾತು ಕೇಳಿರುತ್ತೀರಿ. ಒಂದು ಉದಾಹರಣೆ ನೋಡೋಣ. ಗೋವಾದಿಂದ ದೆಹಲಿಗೆ ನಗದು ದರ 9,000 ರೂ. ಇದೆ, ಅದೇ ಸೀಟಿಗೆ ವಿಮಾನ ಕಂಪನಿಯ 10,000 ಪಾಯಿಂಟ್ ಮತ್ತು 1,200 ರೂ. ತೆರಿಗೆ ಕೇಳುತ್ತಾರೆ ಎಂದುಕೊಳ್ಳಿ. 7,800ನ್ನು 10,000ದಿಂದ ಭಾಗಿಸಿದರೆ 78 ಪೈಸೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಬ್ಯಾಂಕಿನ 2 ಪಾಯಿಂಟ್‌ಗೆ ಕಂಪನಿಯ 1 ಪಾಯಿಂಟ್ ಎಂಬ ದರವಿದ್ದರೆ ನಿಮ್ಮ ಬ್ಯಾಂಕ್ ಪಾಯಿಂಟ್‌ಗೆ ಸಿಕ್ಕಿದ್ದು 39 ಪೈಸೆ ಮಾತ್ರ. ಪೋರ್ಟಲ್‌ನಲ್ಲಿ 50 ಪೈಸೆ ಸಿಗುವಾಗ ಈ ವರ್ಗಾವಣೆ ನಷ್ಟ. ವರ್ಗಾವಣೆ ಗೆಲ್ಲುವುದು ಹೆಚ್ಚಾಗಿ ವಿದೇಶದ ದೂರದ ಹಾರಾಟ, ಬಿಸಿನೆಸ್ ದರ್ಜೆ ಮತ್ತು 1ಕ್ಕೆ 1 ದರವಿರುವ ಕಾರ್ಡ್‌ಗಳಲ್ಲಿ.

ಹಬ್ಬದ ದರದ ವಿಷಯದಲ್ಲೂ ಇದೇ ಎಚ್ಚರ ಬೇಕು. ಚೌತಿ, ದೀಪಾವಳಿ, ವರ್ಷದ ಕೊನೆಯ ಗೋವಾ ಗದ್ದಲದಲ್ಲಿ ಟಿಕೆಟ್ ದರ ಏರುತ್ತದೆ. ಪೋರ್ಟಲ್‌ನಲ್ಲಿ ಪಾಯಿಂಟ್‌ಗೆ ಸ್ಥಿರ ಬೆಲೆ ಇರುವುದರಿಂದ ದರ ಎರಡು ಪಟ್ಟಾದರೆ ಕೇಳುವ ಪಾಯಿಂಟೂ ಎರಡು ಪಟ್ಟು, ವಿಶೇಷ ಲಾಭವಿಲ್ಲ. ದೂರಕ್ಕೆ ಅಥವಾ ವಲಯಕ್ಕೆ ಇಷ್ಟೇ ಪಾಯಿಂಟ್ ಎಂದು ಗೊತ್ತುಮಾಡಿದ ವಿಮಾನ ಕಂಪನಿಗಳ ಪಾಯಿಂಟ್ ಕಾರ್ಯಕ್ರಮಗಳಲ್ಲಿ ಮಾತ್ರ ಹಬ್ಬದ ದರ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ, ಅದೂ ಸೀಟು ಸಿಕ್ಕರೆ.

ವರ್ಗಾವಣೆಗೆ ಕೈ ಹಾಕುವ ಕ್ರಮ ಹೀಗಿರಲಿ. ಮೊದಲು ವಿಮಾನ ಕಂಪನಿಯ ಸದಸ್ಯತ್ವ ಮಾಡಿಕೊಳ್ಳಿ, ಅದು ಉಚಿತ. ಸದಸ್ಯತ್ವದ ಹೆಸರು ಕಾರ್ಡಿನ ಹೆಸರಿನಂತೆಯೇ ಇರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ನಮ್ಮ ಕಡೆ ಸಾಮಾನ್ಯ, ವರ್ಗಾವಣೆ ಸಿಕ್ಕಿಬೀಳುವುದೂ ಅಲ್ಲೇ. ಆಮೇಲೆ ಬೇಕಾದ ದಿನಕ್ಕೆ ಪಾಯಿಂಟ್ ಸೀಟು ಕಾಣಿಸುತ್ತಿದೆಯೇ ನೋಡಿ. ಕಂಡ ಮೇಲೆಯೇ, ಬೇಕಾದಷ್ಟೇ ವರ್ಗಾಯಿಸಿ. ಒಮ್ಮೆ ಕಳಿಸಿದ ಪಾಯಿಂಟ್ ಬ್ಯಾಂಕಿಗೆ ಹಿಂದಿರುಗುವುದಿಲ್ಲ. ಕೆಲವು ಕಂಪನಿಗಳಿಗೆ ಕೂಡಲೇ ತಲುಪುತ್ತದೆ, ಕೆಲವಕ್ಕೆ ಹಲವು ದಿನ ಬೇಕು, ಅಷ್ಟರಲ್ಲಿ ಸೀಟು ಹೋಗಬಹುದು. ಅದಕ್ಕೇ ಎರಡನೇ ದಿನಾಂಕವೊಂದನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಬೇಕು.

ಯಾವ ನಿಲ್ದಾಣ, ಯಾವ ದಾರಿ

ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ಹಳೆಯದು ದಾಬೋಲಿಂ, ಸಂಕೇತ ಜಿಒಐ. 2023ರ ಜನವರಿಯಲ್ಲಿ ಹಾರಾಟ ಶುರುವಾದ ಮೋಪಾ, ಸಂಕೇತ ಜಿಒಎಕ್ಸ್. ದಾಬೋಲಿಂ ಗೋವಾದ ದಕ್ಷಿಣ ಭಾಗದಲ್ಲಿದೆ. ಮೋಪಾ ಮಹಾರಾಷ್ಟ್ರದ ಗಡಿ ಹತ್ತಿರ, ಅಂದರೆ ಕಾರವಾರದಿಂದ ಹೊರಟರೆ ಇಡೀ ಗೋವಾ ದಾಟಬೇಕು. ಪೋರ್ಟಲ್‌ನಲ್ಲಿ ‘ಗೋವಾ’ ಎಂದಷ್ಟೇ ಹಾಕಿದರೆ ಎರಡೂ ಬೆರೆತು ಬರುತ್ತವೆ, ಮೇಲೆ ಕಾಣುವುದು ಅಗ್ಗದ್ದು. ಮೋಪಾ ಟಿಕೆಟ್ 1,000 ರೂ. ಕಡಿಮೆ ಇದ್ದು ಟ್ಯಾಕ್ಸಿಗೆ 1,500 ಹೆಚ್ಚು ಬಿದ್ದರೆ ನಿಮ್ಮ ಪಾಯಿಂಟ್‌ನ ಬೆಲೆಯೂ ಅಷ್ಟು ಇಳಿಯಿತು. ಹಗಲಿನ ವಿಮಾನವಾದರೆ ಕಾರವಾರದಿಂದ ಮಡಗಾಂವ್‌ಗೆ ರೈಲು, ಅಲ್ಲಿಂದ ದಾಬೋಲಿಂಗೆ ಬಸ್ ಅಥವಾ ಟ್ಯಾಕ್ಸಿ: ಖರ್ಚು ಹಿಡಿತದಲ್ಲಿರುತ್ತದೆ. ಬೆಳಗಿನ ಜಾವದ ವಿಮಾನಕ್ಕೆ ಈ ದಾರಿ ಆಗಿಬರುವುದಿಲ್ಲ, ಹಿಂದಿನ ರಾತ್ರಿಯ ರೂಮನ್ನೂ ಲೆಕ್ಕಕ್ಕೆ ಸೇರಿಸಿ.

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಹುಬ್ಬಳ್ಳಿಯಿಂದ ವಿಮಾನಗಳು ಕಡಿಮೆ, ದರ ಹೆಚ್ಚಿರುವುದೂ ಉಂಟು, ಆದರೂ ಘಟ್ಟ ಇಳಿದು ಗೋವಾಕ್ಕೆ ಹೋಗುವ ಖರ್ಚು ಕೂಡಿದಾಗ ಹಲವು ಸಲ ಹುಬ್ಬಳ್ಳಿಯೇ ಅಗ್ಗ.

ಮಳೆಗಾಲಕ್ಕೆ ಬೇರೆಯೇ ಯೋಜನೆ ಬೇಕು. ಕೊಂಕಣ ರೈಲ್ವೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ವೇಳಾಪಟ್ಟಿ ನಡೆಯುತ್ತದೆ. ರೈಲುಗಳು ನಿಧಾನ, ಸಮಯವೂ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಸಂಚಾರವೇ ನಿಂತಿತ್ತು. ಈ ತಿಂಗಳುಗಳಲ್ಲಿ ಪಾಯಿಂಟ್ ಟಿಕೆಟ್ ತೆಗೆಯುವ ಮುನ್ನ ರದ್ದತಿ ನಿಯಮ ಓದಿ: ಪಾಯಿಂಟ್ ಪಾಯಿಂಟಾಗಿಯೇ ಮರಳುತ್ತದೆಯೇ, ಎಷ್ಟು ಶುಲ್ಕ, ಅವಧಿ ಮುಗಿದ ಪಾಯಿಂಟ್ ಮರಳಿದರೆ ಬಳಸಲು ಬರುತ್ತದೆಯೇ. ವಿಮಾನಕ್ಕೂ ರೈಲಿಗೂ ನಡುವೆ ಕನಿಷ್ಠ ನಾಲ್ಕೈದು ಗಂಟೆ ಬಿಡುವು ಇಡಿ. ಎರಡೂ ಬೇರೆ ಬೇರೆ ಟಿಕೆಟ್, ಒಂದು ತಪ್ಪಿದರೆ ಇನ್ನೊಬ್ಬರು ಹೊಣೆಯಲ್ಲ.

ರೈಲಿಗೇ ಪಾಯಿಂಟ್

ಪಂಚಗಂಗಾದಲ್ಲಿ ಬೆಂಗಳೂರು, ಮತ್ಸ್ಯಗಂಧಾದಲ್ಲಿ ಮುಂಬಯಿ ಎಂದು ವರ್ಷವಿಡೀ ಓಡಾಡುವವರಿಗೆ ವಿಮಾನದ ಕಾರ್ಡಿಗಿಂತ ಐಆರ್‌ಸಿಟಿಸಿ ಹೆಸರಿನ ಕಾರ್ಡು ಉತ್ತಮ. ಇವುಗಳಲ್ಲಿ ಐಆರ್‌ಸಿಟಿಸಿಯಲ್ಲಿ ತೆಗೆಯುವ ಎಸಿ ದರ್ಜೆಯ ಟಿಕೆಟ್‌ಗಳಿಗೆ ಹೆಚ್ಚಿನ ಪಾಯಿಂಟ್ ಇರುತ್ತದೆ, ಕಾರ್ಡ್ ಪಾವತಿಗೆ ಬೀಳುವ ಸುಮಾರು ಶೇ. 1 ವಹಿವಾಟು ಶುಲ್ಕದ ವಿನಾಯಿತಿಯೂ ಸಿಗುತ್ತದೆ. ಐಆರ್‌ಸಿಟಿಸಿಯ ಸೌಲಭ್ಯ ಶುಲ್ಕ ಬೇರೆ: ಎಸಿ ಟಿಕೆಟ್‌ಗೆ ಕಾರ್ಡಿನಲ್ಲಿ 30 ರೂ., ಯುಪಿಐಯಲ್ಲಿ 20 ರೂ., ಮೇಲೆ ಜಿಎಸ್‌ಟಿ. ಟಿಕೆಟ್ ರದ್ದಾದರೂ ಇದು ವಾಪಸಾಗುವುದಿಲ್ಲ, ಬಂದ ಪಾಯಿಂಟ್ ಮಾತ್ರ ಹಿಂದಕ್ಕೆ ಹೋಗುತ್ತದೆ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 60 ದಿನ. ಚೌತಿಗೆ ಊರಿಗೆ ಬರುವವರು ಈ ದಿನವನ್ನು ಎಣಿಸಿಟ್ಟುಕೊಂಡು ಪಾಯಿಂಟ್ ಸಿದ್ಧವಿಟ್ಟುಕೊಳ್ಳಿ. ಸ್ಲೀಪರ್‌ನಲ್ಲೇ ಓಡಾಡುವವರಿಗೆ ಈ ಕಾರ್ಡಿನ ಲಾಭ ತೀರಾ ಕಡಿಮೆ.

ಗಲ್ಫ್‌ಗೆ ಹೋಗಿ ಬರುವವರಿಗೆ

ವಿದೇಶಿ ಕರೆನ್ಸಿಯ ಪಾವತಿಗೆ ಅನೇಕ ಕಾರ್ಡ್‌ಗಳು ಶೇ. 3.5 ಹೆಚ್ಚುವರಿ ಹಾಕುತ್ತವೆ, ಜಿಎಸ್‌ಟಿ ಸೇರಿ ಶೇ. 4.13. ಸಾಮಾನ್ಯವಾಗಿ ಬರುವ ಪಾಯಿಂಟ್ ಇದನ್ನು ತುಂಬಿಕೊಡುವುದಿಲ್ಲ. ವಿದೇಶಿ ಶುಲ್ಕ ಕಡಿಮೆ ಅಥವಾ ಇಲ್ಲದ ಕಾರ್ಡನ್ನು ಇದಕ್ಕೇ ಬೇರೆ ಇಡಿ. ದುಬೈ ಅಂಗಡಿಯ ಯಂತ್ರ ರೂಪಾಯಿಯೋ ದಿರ್ಹಮೋ ಎಂದು ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರ ಅವರದ್ದಾಗುತ್ತದೆ, ಅದು ನಿಮಗೆ ದುಬಾರಿ.

ಹಿಡಿದಿಟ್ಟುಕೊಳ್ಳಬೇಡಿ

ಒಣಗಿಸಿದ ಅಡಿಕೆಯನ್ನು ದರ ಬರಲಿ ಎಂದು ಕಟ್ಟಿಡಬಹುದು; ಪಾಯಿಂಟ್ ಅಂಥ ಸರಕಲ್ಲ. ಅದಕ್ಕೆ ಬಡ್ಡಿ ಇಲ್ಲ, ಹೆಚ್ಚಿನವಕ್ಕೆ ಎರಡು ಮೂರು ವರ್ಷದ ಆಯುಸ್ಸು, ಅದರ ಬೆಲೆಯನ್ನು ಬ್ಯಾಂಕು ಸೂಚನೆ ಕೊಟ್ಟು ಇಳಿಸಬಹುದು. ಒಂದು ಪ್ರಯಾಣಕ್ಕೆ ಸಾಕಾಗುವಷ್ಟು ಆದ ಕೂಡಲೇ ಬಳಸಿ. ತೀರಾ ಸಣ್ಣ ಕಂತುಗಳಲ್ಲಿಯೂ ಬೇಡ: ಪ್ರತಿ ಸಲ 99 ರೂ. ಮತ್ತು ಜಿಎಸ್‌ಟಿ ಶುಲ್ಕ ಹಾಕುವ ಕಾರ್ಡಿನಲ್ಲಿ 1,000 ಪಾಯಿಂಟ್‌ಗಳನ್ನು 20 ಪೈಸೆಯಂತೆ ತೆಗೆದರೆ 200 ರೂಪಾಯಿಯಲ್ಲಿ 117 ಶುಲ್ಕಕ್ಕೇ ಹೋಗುತ್ತದೆ. ಒಂದು ಬುಕಿಂಗ್‌ನಲ್ಲಿ ಇಷ್ಟು ಪಾಲು ಮಾತ್ರ ಪಾಯಿಂಟ್‌ನಲ್ಲಿ ಕಟ್ಟಬಹುದು, ತಿಂಗಳಿಗೆ ಇಷ್ಟೇ ಬಳಸಬಹುದು ಎಂಬ ಮಿತಿಗಳೂ ಇರುವುದರಿಂದ ದೊಡ್ಡ ಮೊತ್ತವನ್ನು ಕೊನೆಯ ತಿಂಗಳಿಗೆ ಉಳಿಸಿಕೊಂಡವರು ಸಿಕ್ಕಿಬೀಳುತ್ತಾರೆ.

ಕಾರ್ಡ್ ಮುಚ್ಚುವುದಾದರೆ ಮೊದಲು ಪಾಯಿಂಟ್ ಖಾಲಿ ಮಾಡಿ, ಆಮೇಲೆ ಬಾಕಿ ಪೂರ್ತಿ ಕಟ್ಟಿ, ಕೊನೆಗೆ ಮುಚ್ಚುವ ಅರ್ಜಿ ಕೊಡಿ. ಬಾಕಿ ಇಲ್ಲದ ಕಾರ್ಡನ್ನು ಬ್ಯಾಂಕು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂ. ನಿಮಗೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಮುಚ್ಚಿದ ಕಾರ್ಡಿನಲ್ಲಿ ಉಳಿದುಹೋದ ಪಾಯಿಂಟ್ ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ.