ನೀರುಳ್ಳಿ ಸಿಪ್ಪೆಯಲ್ಲಿ ಗ್ರೀಕರ ಕೆಂಪು ಈಸ್ಟರ್ ಮೊಟ್ಟೆ

ಗ್ರೀಸಿನಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುತ್ತಾರೆ. ಅದು ಕ್ರಿಸ್ತನ ರಕ್ತದ ಸಂಕೇತ. ಮಂಗಳೂರಿನ ಮನೆಗಳಲ್ಲೂ ಮಕ್ಕಳೊಂದಿಗೆ ಸುಲಭವಾಗಿ ಮಾಡಬಹುದು. ಇಂದಿನಿಂದಲೇ ನೀರುಳ್ಳಿಯ ಒಣ ಸಿಪ್ಪೆ ಕೂಡಿಡಿ. ಮಾರ್ಕೆಟ್‌ನ ನೀರುಳ್ಳಿ ಅಂಗಡಿಯಲ್ಲಿ ಕೇಳಿದರೆ ಗೋಣಿಯ ತಳದ ಸಿಪ್ಪೆ ಕೊಡುತ್ತಾರೆ.

ಹನ್ನೆರಡು ನೀರುಳ್ಳಿಯ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಪೂರ್ತಿ ಆರಿಸಿ. 2 ದೊಡ್ಡ ಚಮಚ ವಿನೆಗರ್ ಹಾಕಿ. ಹೆಚ್ಚಾದರೆ ಚಿಪ್ಪು ಕರಗಿ ಬಣ್ಣ ಕಲೆಕಲೆಯಾಗುತ್ತದೆ. ಬಿಳಿ ಮೊಟ್ಟೆಗಳನ್ನು ಒಂದೇ ಪದರವಾಗಿ ಇಟ್ಟು, ಸಣ್ಣ ಉರಿಯಲ್ಲಿ ಕುದಿ ಬಂದ ಮೇಲೆ 12 ನಿಮಿಷ ಬೇಯಿಸಿ. ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಬಿರಿಯಬಹುದು.

ಚಿತ್ತಾರ ಬೇಕೇ? ಒದ್ದೆ ಕೊತ್ತಂಬರಿ ಎಲೆಯನ್ನು ಮೊಟ್ಟೆಗೆ ಅಂಟಿಸಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೇಯಿಸಿ. ಕಟ್ಟು ಸಡಿಲವಾದರೆ ಬಣ್ಣ ಎಲೆಯಡಿ ನುಗ್ಗುತ್ತದೆ. ಬಿಚ್ಚಿದಾಗ ಕಂದುಗೆಂಪಿನ ನಡುವೆ ಎಲೆಯ ಪ್ರತಿ ಹಲ್ಲೂ ಬಿಳಿಯಾಗಿ ಮೂಡಿರುತ್ತದೆ. ಒಣಗಿದ ಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಹೊಳಪು ಬರುತ್ತದೆ.

ಈಸ್ಟರ್ ದಿನ ಇಬ್ಬರು ಮೊಟ್ಟೆಯ ತುದಿಗೆ ತುದಿ ಕುಟ್ಟಬೇಕು. ಒಡೆಯದೆ ಉಳಿದವರಿಗೆ ವರ್ಷವಿಡೀ ಅದೃಷ್ಟ ಎಂಬ ನಂಬಿಕೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಮೊಟ್ಟೆ ಹೊರಗಿಡಬೇಡಿ, ಆಟದ ಹೊತ್ತಿಗಷ್ಟೇ ಫ್ರಿಜ್‌ನಿಂದ ತೆಗೆಯಿರಿ.