ಎರಡು ಲ್ಯಾನ್ ಕಾರ್ಡ್ ಜೋಡಿಸಲು ದುಬಾರಿ ಸ್ವಿಚ್ ಬೇಡ

ಮೈಸೂರಿನಲ್ಲಿ ಮನೆಯಲ್ಲೇ ಲಿನಕ್ಸ್ ಫೈಲ್ ಸರ್ವರ್ ಇಟ್ಟುಕೊಂಡವರಿಗೆ: ಸರ್ವರಿನಲ್ಲಿ ಎರಡು ಲ್ಯಾನ್ ಕಾರ್ಡ್ ಇದ್ದು, ಸ್ವಿಚ್ ಸಾದಾ ಗಿಗಾಬಿಟ್ ಆಗಿದ್ದರೆ, ಎರಡನ್ನೂ ಒಂದೇ ಸಂಪರ್ಕದಂತೆ ಬಳಸುವ ಬಾಂಡಿಂಗ್‌ನಲ್ಲಿ ಬ್ಯಾಲೆನ್ಸ್-ಎಎಲ್‌ಬಿ, ಅಂದರೆ ಮೋಡ್ 6 ಆರಿಸಿ. ಸ್ವಿಚ್ ಜೊತೆ ಮಾತಾಡಿಕೊಂಡು ಕೇಬಲ್ ಜೋಡಿಸುವ, ಎಲ್ಲರೂ ಹೇಳುವ ಎಲ್‌ಎಸಿಪಿಗೆ (ಮೋಡ್ 4) ಸ್ವಿಚ್‌ನಲ್ಲೂ ಆ ಸೌಲಭ್ಯ ಇರಬೇಕು. ಮೋಡ್ 6ಕ್ಕೆ ಆ ಹಂಗಿಲ್ಲ. ಸರ್ವರ್ ಒಂದು ಕಂಪ್ಯೂಟರಿಗೆ ಒಂದು ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನ ಗುರುತು ಸಂಖ್ಯೆ) ಕೊಡುತ್ತದೆ, ಇನ್ನೊಂದಕ್ಕೆ ಇನ್ನೊಂದರದು. ಹಾಗಾಗಿ ಹೋಗುವ ಡೇಟಾ ಮಾತ್ರವಲ್ಲ, ಬರುವ ಡೇಟಾವೂ ಎರಡು ಕೇಬಲ್‌ಗೆ ಹಂಚಿಹೋಗುತ್ತದೆ. ದಸರಾ ವಿಡಿಯೋಗಳನ್ನು ಮನೆಯಲ್ಲಿ ಇಬ್ಬರು ಒಟ್ಟಿಗೆ ಇಳಿಸಿಕೊಳ್ಳುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಎಷ್ಟು ಮಿಲಿಸೆಕೆಂಡಿಗೊಮ್ಮೆ ಕೇಬಲ್ ಸಂಪರ್ಕ ನೋಡಬೇಕೆಂದು ಹೇಳುವ ಎಂಐಐಮಾನ್ ಸೆಟ್ಟಿಂಗನ್ನು 100 ಎಂದು ಹಾಕುವುದು ಮರೀಬೇಡಿ. ಅದು ಸೊನ್ನೆ ಇದ್ದರೆ ಕೇಬಲ್ ಕಿತ್ತುಬಂದರೂ ಸರ್ವರಿಗೆ ತಿಳಿಯುವುದಿಲ್ಲ, ಇಲಿ ಕಾಟ ಇರುವ ಮನೆಯಲ್ಲಂತೂ ಇದು ಬೇಕೇ ಬೇಕು. ಒಬ್ಬರೇ ಒಂದು ದೊಡ್ಡ ಫೈಲ್ ಕಾಪಿ ಮಾಡಿದರೆ ಮಾತ್ರ ಏನೂ ಲಾಭವಿಲ್ಲ. ಅದು ಒಂದೇ ಕಾರ್ಡಿನಲ್ಲಿ ಹೋಗುತ್ತದೆ, ಸೆಕೆಂಡಿಗೆ ಸುಮಾರು 110 ಎಂಬಿಗೆ ನಿಲ್ಲುತ್ತದೆ. ನಿಮ್ಮ ಕೆಲಸ ಬರೀ ಅದೇ ಆದರೆ ಬಾಂಡಿಂಗ್ ಸುಮ್ನೆ ತಲೆನೋವು. ಸರ್ವರಿಗೂ ಆ ಕಂಪ್ಯೂಟರಿಗೂ 2.5 ಗಿಗಾಬಿಟ್ ಕಾರ್ಡ್ ಹಾಕಿ ನೇರ ಕೇಬಲ್ ಎಳೆಯಿರಿ. ಕಾರ್ಡ್ ಚಾಲೂ ಇರುವಾಗಲೇ ಮ್ಯಾಕ್ ವಿಳಾಸ ಬದಲಿಸಲು ಅದರ ಡ್ರೈವರ್ ಬಿಡದಿದ್ದರೂ ಮೋಡ್ 6 ನಡೆಯುವುದಿಲ್ಲ. ವೈಫೈನಲ್ಲೇ ಎಲ್ಲ ನೋಡುವ ಮನೆಯಾದರೆ ಅಡ್ಡಿ ಇರುವುದು ವೈಫೈನಲ್ಲೇ ಅಲ್ವಾ, ಸರ್ವರಿಗೆ ಎರಡು ಕೇಬಲ್ ಎಳೆದು ಏನು ಮಾಡೋದು?