ಬೂಟಿನೊಳಗೆ ತಾತನ ಕಂಬಳಿ

ಕೆನಡಾದ ವಿನ್ನಿಪೆಗ್‌ಗೆ ಓದಲು ಹೊರಟ ಮಂಡ್ಯ, ಮೈಸೂರಿನ ಹುಡುಗರು ಈಗ ಫೋನ್ ಮಾಡಿ ಕೇಳುವುದು ಒಂದೇ: ಬೂಟಿಗೆ ಕಂಬಳಿ ಹಾಕಿದ್ದು ನಿಜವಾ? ನಿಜ. ಓದು ಮುಗಿಯುವವರೆಗೂ ಅದರಲ್ಲೇ ಓಡಾಡಿದೆ. ನಕ್ಕವರೇ ಕೊನೆಗೆ ಒಂದು ಜೊತೆ ಮಾಡಿಕೊಡು ಅಂದರು.

ಥರ್ಮಲ್, ಫ್ಲೀಸ್, ಮೇಲೊಂದು ಗಾಳಿ ತಡೆಯುವ ಜಾಕೆಟ್, ಇದೆಲ್ಲ ನಿಮಗೆ ಗೊತ್ತೇ ಇದೆ. ಮೈ ಹೇಗೋ ಬೆಚ್ಚಗಿರುತ್ತದೆ. ಕಷ್ಟ ಕಾಲಿನದು. ಅಲ್ಲಿ ಜನವರಿ ರಾತ್ರಿ ಅಂದರೆ ಮೈನಸ್ 20ರ ಆಸುಪಾಸು ಮಾಮೂಲಿ. ಮೈನಸ್ 30 ಬಂದರೂ ಬಸ್ಸು ಓಡುತ್ತದೆ, ಕ್ಲಾಸು ನಡೆಯುತ್ತದೆ. ಬಸ್‌ಸ್ಟಾಪಿನಲ್ಲಿ ಸುಮ್ನೆ ನಿಂತಿದ್ದರೆ ಸಾಕು, ಚಳಿ ಅಂಗಾಲಿನಿಂದ ಹತ್ತುತ್ತದೆ. ಮೊದಲು ಬೆರಳು ಉರಿಯುತ್ತದೆ. ಆಮೇಲೆ ಉರಿಯೂ ನಿಲ್ಲುತ್ತದೆ. ಹೆದರಬೇಕಾದ್ದು ಉರಿ ನಿಂತಾಗ.

ಹೊರಡುವ ಮುಂಚೆ ಮೈಸೂರಿನಲ್ಲೇ ಹತ್ತು ಹನ್ನೆರಡು ಸಾವಿರ ಸುರಿದಿದ್ದೆ. ಟಿಬೆಟಿನವರ ಹತ್ತಿರ ತಗೊಂಡ ಸ್ವೆಟರ್ ಮನೆಯೊಳಗೆ ಹಾಕಿಕೊಳ್ಳಲು ಚೆನ್ನಾಗಿತ್ತು. ಅರಸು ರಸ್ತೆಯಲ್ಲಿ ತಗೊಂಡ ಲೆದರ್ ಬೂಟು ನವೆಂಬರಿನಲ್ಲೇ ಕೈಕೊಟ್ಟಿತು. ಚಳಿಗೆ ಅಟ್ಟೆ ಬಿರುಸಾಗಿ, ಐಸ್ ಮೇಲೆ ಕಾಲಿಟ್ಟರೆ ಜಾರುತ್ತಿತ್ತು. ಅಲ್ಲಿ ಒಳ್ಳೆಯ ಬೂಟಿಗೆ 200 ಡಾಲರ್ ಹೇಳಿದರು. ಆಗ ಡಾಲರಿಗೆ 60 ರೂಪಾಯಿ ಚಿಲ್ಲರೆ. ಲೆಕ್ಕ ಹಾಕಿ ಅಂಗಡಿಯಿಂದ ಆಚೆ ಬಂದೆ.

ಕೊನೆಗೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸುಮಾರು 25 ಡಾಲರಿಗೆ ಒಂದು ಜೊತೆ ಸಿಕ್ಕಿತು. ಬೇಕೆಂದೇ ಒಂದು ಸೈಜ್ ದೊಡ್ಡದು ತಗೊಂಡೆ. ಆದರೆ ಒಳಗಿನ ಫೆಲ್ಟ್, ಅಂದರೆ ಬೆಚ್ಚಗಿಡುವ ದಪ್ಪ ಪದರ, ಪೂರ್ತಿ ಸವೆದಿತ್ತು. ಡಬಲ್ ಕಾಟನ್ ಸಾಕ್ಸ್ ಹಾಕಿದೆ. ಬೆವರು ಕುಡಿದು ಒದ್ದೆಯಾಗಿ ಚಳಿ ಇನ್ನೂ ಜಾಸ್ತಿಯಾಯಿತು. ಫೋಮ್ ಸೋಲ್ ಹಾಕಿದೆ. ನಾಲ್ಕು ಸಲ ತುಳಿಯುವಷ್ಟರಲ್ಲಿ ಅಪ್ಪಚ್ಚಿ. ಬೆರಳಿನ ಹತ್ತಿರ ಸಾಕ್ಸ್ ಮೇಲೆ ಅಂಟಿಸುವ ಬಿಸಿ ಪ್ಯಾಕೆಟ್ ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಒಂದು ದಿನಕ್ಕೆ ಒಂದು ಜೊತೆ ಬಿಸಾಡಬೇಕು. ತಿಂಗಳಿಗೆ ನಲವತ್ತು ಐವತ್ತು ಡಾಲರ್ ಅದಕ್ಕೇ ಹೋದರೆ ಊಟಕ್ಕೇನು?

ಊರಿಂದ ತಂದಿದ್ದ ತಾತನ ಕಂಬಳಿ ಹಾಸಿಗೆ ಮೇಲಿತ್ತು. ಮಳೆಗಾಲದಲ್ಲಿ ತಾತ ಅದನ್ನೇ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು. ಅದನ್ನೇ ಕತ್ತರಿಸಿ ಬೂಟಿಗೆ ಸೋಲ್ ಮಾಡಿಕೊಳ್ಳುತ್ತೇನೆ ಅಂತ ತಾತನಿಗೆ ಫೋನಿನಲ್ಲಿ ಹೇಳಿದೆ. "ಕಂಬ್ಳಿ ಕುಯ್ದು ಕಾಲಿಗೆ ಹಾಕ್ಕತೀಯೇನ್ಲಾ?" ಅಂತ ಬೈದರು. ರೂಂಮೇಟ್ ಅಂತೂ, "ಮಗಾ, ಇದು ಮದ್ದೂರಲ್ಲ" ಅಂದ.

ಮೊದಲ ಜೊತೆ ವಾರವೂ ಬಾಳಲಿಲ್ಲ. ಕಂಬಳಿ ನೇಯ್ದದ್ದು ಅಲ್ವಾ, ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಂಡು ಬೂಟಿನ ಮೂತಿಯಲ್ಲಿ ಗುಡ್ಡೆಯಾಯಿತು. ಎರಡನೇ ಸಲ ಕತ್ತರಿಸುವ ಮುಂಚೆಯೇ ತುಂಡನ್ನು ಬಿಸಿನೀರು, ಸೋಪು ಹಾಕಿ ಚೆನ್ನಾಗಿ ತಿಕ್ಕಿದೆ. ಉಣ್ಣೆ ಕುಗ್ಗಿತು, ಎಳೆಗಳು ಒಂದಕ್ಕೊಂದು ಹಿಡಿದುಕೊಂಡವು. ಒಣಗಿದ ಮೇಲೆ ಪಾದದ ಅಳತೆಗೆ ಕತ್ತರಿಸಿ, ಎರಡು ಪದರ ಸೇರಿಸಿ, ಸುತ್ತ ಕಾಜಾ ಹೊಲಿಗೆ ಹಾಕಿದೆ. ಎರಡು ಪದರದ ನಡುವೆ ಇನ್ನೊಂದು ವಸ್ತು ಇದೆ. ಅದೇನು ಅನ್ನುವ ಗುಟ್ಟು ನನ್ನ ಹತ್ತಿರವೇ ಇರಲಿ. ಹೊಸ ಕಂಬಳಿಯಾದರೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದು ಪೂರ್ತಿ ಬಿಡುವವರೆಗೆ ತೊಳೆಯಿರಿ.

ಆಮೇಲೆ ಮೈನಸ್ 31 ಇದ್ದ ಒಂದು ಸಂಜೆ ಬಸ್ಸು ತಪ್ಪಿತು. ಅರ್ಧ ಗಂಟೆಯ ಹತ್ತಿರ ನಿಂತೆ. ರೆಪ್ಪೆ ಮೇಲೆ ಐಸ್ ಕಟ್ಟಿತ್ತು, ಕಾಲ್ಬೆರಳು ಆರಾಮಾಗಿ ಆಡುತ್ತಿತ್ತು. ಮ್ಯಾನಿಟೋಬ ಯೂನಿವರ್ಸಿಟಿಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿ ಸುರಂಗ ಇದೆ. ಎಲ್ಲರೂ ಅದರಲ್ಲಿ ಹೋದರೆ ನಾನು ಜಂಬಕ್ಕೆ ಮೇಲೆ ಹಿಮದಲ್ಲೇ ನಡೆಯುತ್ತಿದ್ದೆ.

ಚಳಿಯಲ್ಲಿ ಇನ್ನೇನೇನೋ ಮಾಡಿ ನೋಡಿದೆ. ಒದ್ದೆ ಪಂಚೆ ಬಾಲ್ಕನಿಯಲ್ಲಿ ಹಾಕಿದರೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಅಲ್ಲೇ ಬಿಟ್ಟರೆ ಐಸ್ ನೀರಾಗದೆ ನೇರ ಆವಿಯಾಗಿ, ನಿಧಾನಕ್ಕೆ ಒಣಗಿಯೂ ಬಿಡುತ್ತದೆ. ದೋಸೆ ಹಿಟ್ಟು ಹುಳಿ ಬರಲು ಒಲೆ ಹಚ್ಚದೆ ಓವನ್‌ನ ಲೈಟು ಮಾತ್ರ ಹಾಕಿ ರಾತ್ರಿ ಒಳಗಿಟ್ಟರೆ ಸಾಕು. ಮೊಸರಿಗೆ ಅದೇ ಲೈಟು ಯಾಕೋ ನನಗೆ ಒಗ್ಗಲಿಲ್ಲ, ಲೋಳೆಯಾಗುತ್ತಿತ್ತು.

ಕಂಬಳಿ ಸೋಲನ್ನು ದಿನಾ ರಾತ್ರಿ ಆಚೆ ತೆಗೆದು ಹೀಟರ್ ಪಕ್ಕ ಇಡಿ, ಮೇಲಲ್ಲ. ಕಾಟನ್ ಸಾಕ್ಸ್ ಬೇಡ, ತೆಳು ಉಣ್ಣೆಯದು ಒಂದೇ ಸಾಕು. ಲೇಸ್ ಬಿಗಿಯಬೇಡಿ. ನನ್ನ ಕೈಲೇ ಮಾಡಿಸಿಕೊಳ್ಳುವವರು ಪಾದವನ್ನು ಪೇಪರ್ ಮೇಲಿಟ್ಟು ಗೀಟು ಹಾಕಿ ಕಳಿಸಿ, ಕಂಬಳಿ ನಿಮ್ಮದೇ ತನ್ನಿ. ತಾತನದು ಮುಗಿದಿದೆ.